ಸೊನ್ನೆ ಮಾಡುವ ಮಾವ

ನಮ್ಮ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮೊದಲು ಅದು ಮುರಿದ ಕುರ್ಚಿ, ಹಳೆಯ ಟ್ರಂಕು ತುಂಬುವ ಉಗ್ರಾಣವಾಗಿತ್ತಂತೆ. ಯಾವುದೋ ಕಾಲದಲ್ಲಿ ಯಾರೋ ಅಲ್ಲಿ ಒಲೆ ತಂದಿಟ್ಟರು. ಉಗ್ರಾಣಕ್ಕೆ ಅಡುಗೆಮನೆಯೆಂದು ಬಡ್ತಿ ಸಿಕ್ಕಿತು, ಗಾಳಿ ಮಾತ್ರ ಮಂಜೂರಾಗಲಿಲ್ಲ. ಮೆಣಸಿನಕಾಯಿ ಹುರಿದ ದಿನ ಮನೆಮಂದಿಯೆಲ್ಲ ಕೆಮ್ಮುತ್ತಾ ಬೀದಿಗೆ ಓಡುತ್ತಿದ್ದರು. ನಾನು ಓಡುವಂತಿರಲಿಲ್ಲ, ಸೌಟು ನನ್ನ ಕೈಯಲ್ಲಿರುತ್ತಿತ್ತು. ನನ್ನ ಗಂಡ ಫ್ರಿಜ್ ರಿಪೇರಿ ಮಾಡುವವರು. ಊರಿನವರ ಫ್ರಿಜ್ಜುಗಳನ್ನೆಲ್ಲ ತಣ್ಣಗೆ ಮಾಡಿ ಬರುವ ಈ ಪುಣ್ಯಾತ್ಮರಿಗೆ ಮನೆಯಲ್ಲಿ ಹೆಂಡತಿ ಬೇಯುತ್ತಿರುವುದು ಕಾಣುತ್ತಿರಲಿಲ್ಲ. "ಬೇಸಿಗೆ ಒಂದು ಕಳೀಲಿ" ಅನ್ನುತ್ತಿದ್ದರು. ಎಷ್ಟೋ ಬೇಸಿಗೆಗಳು ಕಳೆದವು.

ನಾನು ಅರಮನೆಯನ್ನೇನೂ ಕೇಳಿರಲಿಲ್ಲ. ಬೀದಿ ಕಡೆಯ ಗೋಡೆಯಲ್ಲಿ ಎರಡು ತಟ್ಟೆ ಅಗಲದ ಒಂದು ಕಿಟಕಿ. ಮುಖ ಒಡ್ಡಿದರೆ ಗಾಳಿ ತಾಗಬೇಕು, ಅಷ್ಟೇ. ಅದಕ್ಕಾಗಿ ನನ್ನ ಹೊಲಿಗೆ ಯಂತ್ರ ಮಾರಿದೆ. ಗಾರೆ ಮೇಸ್ತ್ರಿ ಕೇಳಿದ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗೆ ಬಂತು. ಉಳಿದದ್ದನ್ನು ತಿಂಗಳು ತಿಂಗಳು ಕೂಡಿಸಬೇಕಿತ್ತು, ಆದರೆ ನಮ್ಮ ಮನೆಯಲ್ಲಿ ದುಡ್ಡು ತಿಂಗಳ ನಡುವಿಗೇ ಯಾರಿಗೂ ಹೇಳದೆ ಕೇಳದೆ ಹೊರಟುಹೋಗುತ್ತಿತ್ತು.

ನಾನು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೂರುವವಳು. ಗಿರಾಕಿಗಳ ಜೇಬಿನಲ್ಲಿ ಸಿಕ್ಕಿದ ಕೀಲಿ, ಚೀಟಿ, ಬಾಚಣಿಗೆಗಳನ್ನು ಕಂದು ಬಣ್ಣದ ಲಕೋಟೆಗಳಿಗೆ ಹಾಕಿ ಮೇಲೆ ಹೆಸರು ಬರೆದಿಡುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಯಾರದೂ ಒಂದು ಗುಂಡಿ ಕೂಡ ಕಳೆದಿಲ್ಲ. ಊರವರ ಗುಂಡಿಗಿರುವ ಭದ್ರತೆ ನಮ್ಮ ಸಂಬಳಕ್ಕೆ ಯಾಕಿರಬಾರದು ಅನ್ನಿಸಿತು. ಮಾಲೀಕರನ್ನು ಕೇಳಿ ಒಂದು ಕಟ್ಟು ಲಕೋಟೆ ಮನೆಗೆ ತಂದೆ.

ತಿಂಗಳ ಮೊದಲ ದಿನ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದೆ. ನಾನು, ನನ್ನ ಗಂಡ, ಅತ್ತೆ, ಮಾವ. ಲಕೋಟೆಗಳ ಮೇಲೆ ಹಾಲು, ದಿನಸಿ, ಕರೆಂಟು, ಬಸ್ಸು, ಔಷಧಿ, ಕ್ಷೌರ, ಮಾವನ ಕೈಖರ್ಚು ಎಂದೆಲ್ಲ ಬರೆದೆ. ಕೊನೆಯದರ ಮೇಲೆ ದಪ್ಪ ಅಕ್ಷರದಲ್ಲಿ ಕಿಟಕಿ. ಹೊಲಿಗೆ ಯಂತ್ರದ ದುಡ್ಡು ಅದರೊಳಗೆ.

"ಬಂದ ದುಡ್ಡಿಗೆಲ್ಲ ಒಂದೊಂದು ಕೆಲಸ ಹಚ್ಚಬೇಕು. ಕೆಲಸ ಇಲ್ದೆ ಒಂದು ಕಾಸೂ ಉಳೀಬಾರದು. ಕೊನೆಗೆ ಲೆಕ್ಕ ಸೊನ್ನೆ ಆಗ್ಬೇಕು" ಎಂದೆ.

ಗಂಡ ಆಕಳಿಸಿದರು. ಅತ್ತೆ, "ಸೊನ್ನೆ ಮಾಡೋಕೆ ಇಷ್ಟೊಂದು ಲಕೋಟೆ ಯಾಕೆ? ಅದು ಮೊದಲಿಂದಲೂ ಆಗ್ತಾನೇ ಇದೆಯಲ್ಲ" ಎಂದರು. ಮಾವ ಮಾತ್ರ ನೆಟ್ಟಗೆ ಕೂತರು. ನಿವೃತ್ತಿಯಾದ ಮೇಲೆ ಅವರ ಕಣ್ಣಿನಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ. ಅವರು ರಸ್ತೆ ಇಲಾಖೆಯಲ್ಲಿ ಲೆಕ್ಕ ಬರೆದು ತಲೆ ಬೋಳಾದವರು.

"ಇದು ನನಗೆ ಬಿಡಮ್ಮ. ಈ ವಿಷಯದಲ್ಲಿ ನನ್ನ ಸರ್ವಿಸ್‌ನಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ" ಎಂದರು.

ಲಕೋಟೆಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಬೀಗ ಜಡಿದು, ಕೀಲಿ ಅವರ ಕೈಗಿಟ್ಟೆ. ಹಗಲೆಲ್ಲ ಮನೆಯಲ್ಲಿರುವವರು ಅವರೇ ತಾನೆ. ತಿಂಗಳೆಲ್ಲ ಹೂವಿನ ಮೇಲೆ ನಡೆದಂತೆ ಸಾಗಿತು. ಗಂಡ ಇನ್ನಷ್ಟು ಬಸ್ಸಿನ ದುಡ್ಡು ಕೇಳಿದರೆ ಮಾವ ಕಾರಣ ಬರೆದುಕೊಡಲು ಹೇಳುತ್ತಿದ್ದರು. ಬರೆಯಲು ಸೋಮಾರಿತನಪಟ್ಟು ಗಂಡ ನಡೆದೇ ಹೋಗುತ್ತಿದ್ದರು. ಎಲ್ಲ ಲಕೋಟೆಯಲ್ಲೂ ಅಷ್ಟಿಷ್ಟು ಉಳಿಯುತ್ತಿದೆ ಎಂದು ತಿಳಿದು ನಾನು ಒಳಗೊಳಗೇ ಹಿಗ್ಗಿದೆ.

ತಿಂಗಳ ಕೊನೆಯ ಸಂಜೆ ಮನೆಗೆ ಬಂದರೆ ಅತ್ತೆ ಎರಡೂ ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದರು. ಚೀಲ ಕೆಳಗಿಟ್ಟು ಹತ್ತಿರ ಓಡಿದೆ.

"ಬಿದ್ದುಬಿಟ್ರಾ ಅತ್ತೆ?"

"ನಾನ್ಯಾಕೆ ಬೀಳಲಿ? ಔಷಧಿ ಲಕೋಟೇಲಿ ದುಡ್ಡು ಉಳಿದಿತ್ತಂತೆ. ತಂದಿದ್ದು ದಂಡ ಆಗ್ಬಾರ್ದು ಅಂತ ನಿಮ್ಮ ಮಾವ ಸುತ್ತಿ ಹೋದರು. ಈಗ ಕಾಲು ಮಡಚೋಕೆ ಬರ್ತಿಲ್ಲ."

ಅಷ್ಟರಲ್ಲಿ ಮಾವ ಒಳಗಿನಿಂದ ಬಂದರು. ಕಿವಿಯ ಹಿಂದೆ ಜೀವ ಹಿಡಿದುಕೊಂಡಿದ್ದ ನಾಲ್ಕು ಕೂದಲೂ ಇರಲಿಲ್ಲ. ಕ್ಷೌರದ ಲಕೋಟೆ ಮುಗಿಸಲು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಹೋಗಿದ್ದರಂತೆ. ಎರಡನೆಯ ಸಲ ಕತ್ತರಿಸಲು ಏನೂ ಇಲ್ಲವೆಂದು ಕ್ಷೌರಿಕ ತಲೆ ಒತ್ತಿ ಕಳಿಸಿದ್ದನಂತೆ. ದಿನಸಿಯಲ್ಲಿ ಉಳಿದದ್ದಕ್ಕೆ ಉಪ್ಪು ತಂದಿದ್ದರು, ಮೂಟೆಯಲ್ಲಿ. ನನ್ನ ಗಂಡನನ್ನು ಬಸ್ಸಿನ ಲಕೋಟೆಯ ಜೊತೆ ಕಳಿಸಿದ್ದರು. ಅವರು ಕೊನೆಯ ನಿಲ್ದಾಣಕ್ಕೆ ಹೋಗಿ ಇಳಿಯದೆ ವಾಪಸು ಬಂದು, ಮತ್ತೆ ಹೋಗಿದ್ದರು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮಾವನೂ ನಕ್ಕರು. ಹೊಗಳುತ್ತಿದ್ದೇನೆ ಅಂದುಕೊಂಡರೇನೋ.

"ಎಲ್ಲಾ ಸೊನ್ನೆ ಆಯ್ತಮ್ಮ. ಒಂದು ಕಾಸೂ ಬಿಟ್ಟಿಲ್ಲ."

ಆಗ ನನ್ನ ನಗು ನಿಂತಿತು. ಅಡುಗೆಮನೆಗೆ ಓಡಿದೆ.

ಬೀದಿ ಕಡೆಯ ಗೋಡೆಯ ಮೇಲೆ, ಈ ತುದಿಯಿಂದ ಆ ತುದಿಗೆ, ಒಂದು ಪರದೆ ನೇತಾಡುತ್ತಿತ್ತು. ನೀಲಿ ಬಟ್ಟೆ, ಅದರ ತುಂಬ ಹಳದಿ ಹೂವು, ಕೆಳಗೆ ಜಾಲರಿ, ಎಳೆಯಲು ಹಗ್ಗ. ಹಗ್ಗ ಎಳೆದೆ. ಪರದೆ ಮದುಮಗಳ ಹಾಗೆ ನಾಚುತ್ತಾ ಸರಿಯಿತು. ಅದರ ಹಿಂದೆ ಗೋಡೆ, ಮಸಿ ಹಿಡಿದ ಅದೇ ಗೋಡೆ.

"ಕಿಟಕಿಗೆ ದುಡ್ಡು ಸಾಲ್ತಿರಲಿಲ್ಲ. ಅದಕ್ಕೆ ಸದ್ಯಕ್ಕೆ ಪರದೆ" ಎಂದರು ಮಾವ ಹಿಂದಿನಿಂದ. "ಇದ್ದ ದುಡ್ಡಿಗೆ ಸರಿಯಾಗಿ ಇಷ್ಟುದ್ದ ಬಂತು ನೋಡು."

ನನ್ನ ಹೊಲಿಗೆ ಯಂತ್ರ ಗೋಡೆಗೆ ನೇತುಬಿದ್ದಿತ್ತು. ನನಗೆ ಪಿತ್ತ ನೆತ್ತಿಗೇರಿತು, ಅದರ ಹಿಂದೆಯೇ ಅಳುವೂ ಬಂತು. ಹಿರಿಯರ ಮುಂದೆ ದನಿ ಎತ್ತಿದವಳಲ್ಲ ನಾನು. ಅವತ್ತು ಎತ್ತಿದೆ.

"ಉಳಿದಿದ್ರೆ ಏನಾಗ್ತಿತ್ತು ಮಾವ?"

"ಅಯ್ಯೋ, ಉಳಿಸಿದ್ರೆ ಮುಂದಿನ ಸಲ ಅಷ್ಟು ಕಡಿತ ಮಾಡ್ತಾರಲ್ಲಮ್ಮ. ನಿಮಗೆ ಅಗತ್ಯ ಇಲ್ಲ ಅಂತಾರೆ. ಅದಕ್ಕೇ ನಾವು ವರ್ಷದ ಕೊನೇಲಿ ಒಂದೇ ಸೇತುವೆಗೆ ಎರಡು ಸಲ ಬಣ್ಣ ಹೊಡೀತಿದ್ವಿ."

"ಕಡಿತ ಮಾಡೋದು ಯಾರು?"

"ಮೇಲಿನವರು."

"ಈ ಮನೇಲಿ ಮೇಲಿನವರು ಯಾರು?"

ಮಾವ ಹೊರಗೆ ಕೂತಿದ್ದ ಅತ್ತೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ನೀನು" ಎಂದರು ಮೆಲ್ಲಗೆ.

"ನನ್ನ ಕಿಟಕಿ ದುಡ್ಡನ್ನ ನಾನೇ ಯಾಕೆ ಕಡಿತ ಮಾಡ್ಲಿ? ಸೊನ್ನೆ ಆಗ್ಬೇಕಿದ್ದು ಲಕೋಟೆಗಳಿಗೆ ಹಂಚಿದ ಮೇಲೆ ಕೈಯಲ್ಲಿ ಉಳಿದಿದ್ದು ಮಾವ. ಲಕೋಟೇಲಿ ಇದ್ದಿದ್ದಕ್ಕೆ ಆಗ್ಲೇ ಕೆಲಸ ಇತ್ತು. ಅದು ಕಾಯೋ ಕೆಲಸ."

ಅವರು ಬೋಳುತಲೆಯ ಮೇಲೆ ಕೈಯಾಡಿಸುತ್ತಾ ನಿಂತರು. ಕಚೇರಿಯಲ್ಲಿ ಅವರಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಪರದೆ ಹಿಂದಿರುಗಿಸಲು ಹೋದರೆ ಅಂಗಡಿಯವನು ಕತ್ತರಿಸಿದ ಬಟ್ಟೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದ. ಅತ್ತೆ ಮೂರು ದಿನ ಮಾವನ ಜೊತೆ ಮಾತು ಬಿಟ್ಟರು, ಬ್ಯಾಂಡೇಜು ಬಿಚ್ಚಿಸಿಕೊಳ್ಳಲು ಮಾತ್ರ ಕರೆದರು.

ಮುಂದಿನ ತಿಂಗಳಿನಿಂದ ಮಾವ ಬೇರೆ ಮನುಷ್ಯರಾದರು. ತಮ್ಮ ಕೈಖರ್ಚೊಂದನ್ನು ಬಿಟ್ಟು, ತಿಂಗಳ ಕೊನೆಗೆ ಯಾವ ಲಕೋಟೆಯಲ್ಲಿ ಏನು ಉಳಿದರೂ ನನ್ನ ಒಪ್ಪಿಗೆ ಕೇಳಿ ಕಿಟಕಿಗೆ ವರ್ಗಾವಣೆ. ಉಳಿಸುವ ಹುಚ್ಚು ಮನೆಗೆಲ್ಲ ಅಂಟಿತು. ಅತ್ತೆ ಕಾಯಿಲೆ ಬೀಳುವುದನ್ನೇ ನಿಲ್ಲಿಸಿದರು. ಸೀನು ಬಂದರೆ ಮೂಗು ಹಿಡಿದುಕೊಂಡು ನನ್ನ ಕಡೆ ನೋಡುವರು. ಗಂಡ ನಡೆದೂ ನಡೆದೂ ಪ್ಯಾಂಟು ಸಡಿಲವಾಗಿ, ಬೆಲ್ಟಿಗೊಂದು ಲಕೋಟೆ ಬೇಕೆಂದರು. "ದಾರ ಕಟ್ಟಿಕೋ" ಎಂದರು ಮಾವ. ಉಪ್ಪಿಗಂತೂ ಒಂದು ಕಾಸೂ ಖರ್ಚಾಗಲಿಲ್ಲ. ನಾನು ಒಲೆಯ ಮುಂದೆ ನಿಂತಾಗ ಮಾವ ಬಾಗಿಲಲ್ಲಿ ಕೂತು ಹಳೆಯ ಕಚೇರಿ ಫೈಲಿನಿಂದ ನನಗೆ ಗಾಳಿ ಬೀಸುತ್ತಿದ್ದರು. ಬೇಡವೆಂದರೆ ಕೇಳುತ್ತಿರಲಿಲ್ಲ. ಕೋಪ ಎಂದೋ ಹೋಗಿತ್ತು, ಆದರೂ ಆ ಪರದೆ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಹೀಗೆ ಒಂದು ದಿನ ಕಿಟಕಿಯ ಲಕೋಟೆ ತುಂಬಿತು. ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿದ.

"ಎಷ್ಟಗಲ ಬೇಕಮ್ಮ?"

ನಾನು ಎರಡು ತಟ್ಟೆ ಜೋಡಿಸಿ ತೋರಿಸಿದೆ. ಮಾವ ಅಡ್ಡ ಬಂದರು.

"ತಟ್ಟೆ ಅಲ್ಲ, ಪರದೆ ಅಳತೆ ತೊಗೊಳ್ಳಿ."

ಮೇಸ್ತ್ರಿ ಪರದೆ ನೋಡಿದ, ಗೋಡೆ ನೋಡಿದ. "ಯಜಮಾನ್ರೇ, ಅಷ್ಟು ಒಡೆದ್ರೆ ಗೋಡೇನೇ ಉಳಿಯಲ್ಲ."

"ಅಂಚಲ್ಲಿ ಒಂದಿಷ್ಟು ಬಿಡಿ. ಪರದೆ ಖರೀದಿ ಆಗ್ಹೋಗಿದೆ. ಖರೀದಿ ಆದ ಸಾಮಾನು ಉಪಯೋಗಕ್ಕೆ ಬರದಿದ್ರೆ ತಪಾಸಣೆಯವರು ನನ್ನನ್ನ ಬಿಡಲ್ಲ" ಎಂದು ನನ್ನ ಕಡೆ ಕಳ್ಳನೋಟ ಬೀರಿದರು.

"ಅಷ್ಟಕ್ಕೆ ದುಡ್ಡೆಲ್ಲಿದೆ ಮಾವ?" ಎಂದೆ.

ಅವರು ಬಿಸ್ಕತ್ತಿನ ಡಬ್ಬಿ ತೆರೆದು ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟರು. ಮೇಲೆ ನನ್ನದೇ ಅಕ್ಷರ, ಮಾವನ ಕೈಖರ್ಚು. ಹೊಟ್ಟೆ ಉಬ್ಬಿ, ಅಂಚು ಬಿರಿದು, ದಾರ ಕಟ್ಟಿಸಿಕೊಂಡಿತ್ತು. ಇಷ್ಟು ತಿಂಗಳೂ ಅವರು ಒಂದು ಪತ್ರಿಕೆ ಕೊಂಡಿರಲಿಲ್ಲ, ಗೆಳೆಯರ ಜೊತೆ ಹೊರಗೆ ಒಂದು ಲೋಟ ಕಾಫಿ ಕುಡಿದಿರಲಿಲ್ಲ. ಹುಟ್ಟಿದಾಗಿನಿಂದ ಏನನ್ನೂ ಉಳಿಸಿ ಗೊತ್ತಿಲ್ಲದ ಮನುಷ್ಯ. ನಾನು ಮುಖ ತಿರುಗಿಸಿ ಮೇಸ್ತ್ರಿಯ ಮೇಲೆ ರೇಗಿದೆ, "ನಿಂತು ನೋಡೋದೇನು, ಒಡೀರಿ" ಎಂದು.

ಅವನು ಒಡೆದ. ಕೆಲಸವೆಲ್ಲ ಮುಗಿದು, ಚೌಕಟ್ಟು ಕೂತು, ಸಿಮೆಂಟು ಒಣಗಿದ ದಿನ ಗಾಳಿ ನನ್ನ ಅಪ್ಪಣೆಯನ್ನೂ ಕೇಳದೆ ಒಳಗೆ ನುಗ್ಗಿ, ಒಲೆ ಆರಿಸಿ, ಉಪ್ಪಿನ ಡಬ್ಬಿ ಉರುಳಿಸಿತು. ಅತ್ತೆ ಕುರ್ಚಿ ಎಳೆದುಕೊಂಡು ಬೀದಿಯ ಸುದ್ದಿಗೆ ಕಿವಿ ಕೊಟ್ಟು ಕೂತರು, ಆಮೇಲೆ ಊಟಕ್ಕೂ ಅಲ್ಲಿಂದ ಏಳಲಿಲ್ಲ. ಗಂಡ ಬಂದು ನಿಂತು, "ಇಲ್ಲಿ ಇಷ್ಟು ಸೆಖೆ ಇತ್ತು ಅಂತ ಮೊದಲೇ ಹೇಳೋದಲ್ವಾ?" ಎಂದರು. ನಾನು ಸೌಟು ಎತ್ತಿದ್ದು ನೋಡಿ ಆಚೆ ಹೋದರು.

ಮೇಸ್ತ್ರಿಗೆ ಕೊಟ್ಟು ಮುಗಿದಾಗ ಮಾವನ ಲಕೋಟೆಯ ತಳದಲ್ಲಿ ಒಂದೇ ಒಂದು ನಾಣ್ಯ ಉಳಿಯಿತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಚಡಪಡಿಸಿದರು. ಅಷ್ಟು ವರ್ಷದ ಸರ್ವಿಸ್ಸು ಒಂದೇ ಸಲಕ್ಕೆ ಬಿಟ್ಟುಹೋಗುತ್ತದೆಯೇ?

"ಹೋಗಿ ಬನ್ನಿ ಮಾವ, ಮಂಜೂರಾಗಿದೆ" ಎಂದೆ.

ಮೊದಲ ಸಲ ನಾನು ಒಲೆಯ ಮುಂದೆ ನಿಂತುಕೊಂಡೇ ಬೀದಿ ನೋಡಿದೆ. ಮಾವ ಚಪ್ಪಲಿ ಎಳೆಯುತ್ತಾ ಮೂಲೆಯಂಗಡಿಗೆ ಹೋದರು, ಏನನ್ನೋ ಕೊಂಡರು, ಬಿಸಿಲಿಗೆ ಬೋಳುತಲೆ ಮಿನುಗಿಸುತ್ತಾ ವಾಪಸು ಬಂದರು. ಬಾಗಿಲಿಗೆ ಬರಲಿಲ್ಲ. ಸೀದಾ ಕಿಟಕಿಯ ಕೆಳಗೆ ಬಂದು, ಒಂದು ಪೆಪ್ಪರಮೆಂಟನ್ನು ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿ, ದೊಡ್ಡ ಚೂರನ್ನು ಒಳಗೆ ಚಾಚಿದರು.

"ತೊಗೋ ಅಮ್ಮ. ಈಗ ಸೊನ್ನೆ" ಎಂದರು.