ಚಿಟಿಕೆಗೆ ಎರೆದ ನೀರು

ಚರ್ಚಿನ ಹಿಂದಿನ ಕೋಣೆಯನ್ನು ಅಜ್ಜಿ ಶನಿವಾರ ಸಂಜೆ ಒರೆಸಿ ಇಟ್ಟರೆ ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಅದು ಕೆರೆಯಾಗಿರುತ್ತಿತ್ತು. ಎರಡು ವರ್ಷದಿಂದ ಇದೇ ಹಾಡು. ಮೊದಲು ಹೀಗಿರಲಿಲ್ಲ. ಮಕ್ಕಳು ಬೆಂಚಿನ ಮೇಲೆ ಸಾಲಾಗಿ ಕೂತು ಬೈಬಲ್ ವಚನ ಒಪ್ಪಿಸುತ್ತಿದ್ದರು, ತಪ್ಪಿದವರು ಎದ್ದು ನಿಲ್ಲುತ್ತಿದ್ದರು, ಗಂಟೆಯಾದ ಮೇಲೆ ಮನೆಗೆ ಹೋಗುತ್ತಿದ್ದರು. ನೆಲ ಒಣಗಿಯೇ ಇರುತ್ತಿತ್ತು.

ಆಮೇಲೆ ಈ ಹೊಸ ಟೀಚರ್ ಬಂದಳು. ವಾರವೆಲ್ಲ ಕಣ್ಣಾಸ್ಪತ್ರೆಯಲ್ಲಿ ನರ್ಸು, ಭಾನುವಾರ ಮಕ್ಕಳಿಗೆ ಸಂಡೆ ಸ್ಕೂಲಿನ ಟೀಚರ್. ಬಂದವಳು ಮೊದಲ ವಾರವೇ ಬೆಂಚುಗಳನ್ನು ಹೊರಗೆ ಹಾಕಿಸಿ ಚಾಪೆ ಹಾಸಿದಳು. ಒಂದು ಟ್ರೇ ತುಂಬ ಮರಳು ತಂದಳು, ಮರದ ಕುರಿಗಳನ್ನು ತಂದಳು, ಬಟ್ಟೆಯ ಗೊಂಬೆ ತಂದಳು, ದೀಕ್ಷಾಸ್ನಾನದ ಆಟಕ್ಕೆ ಒಂದು ಹಿತ್ತಾಳೆ ಬಟ್ಟಲು ತಂದಳು. ಅದಕ್ಕೆ ಆಟದ ಮೂಲೆ ಎಂದು ಹೆಸರಿಟ್ಟಳು.

"ಮಕ್ಕಳು ಆಡ್ತಾ ಆಡ್ತಾನೇ ದೇವರನ್ನ ಕಂಡ್ಕೊಳ್ತಾರಮ್ಮ" ಎಂದಿದ್ದಳು.

"ಕಂಡ್ಕೊಳ್ಲಿ ತಾಯಿ. ಮರಳಿನಡಿ ನೆಲ ಎಲ್ಲಿದೆ ಅಂತ ನಾನು ಕಂಡ್ಕೋಬೇಕಲ್ಲ" ಎಂದಿದ್ದಳು ಅಜ್ಜಿ.

ಮರಳಿಗಿಂತ ಅಜ್ಜಿಯ ಜೀವ ತಿಂದದ್ದು ಬೇರೆ. ಈ ಟೀಚರ್ ಯಾವುದಕ್ಕೂ ಉತ್ತರ ಹೇಳುತ್ತಿರಲಿಲ್ಲ. ಒಂದು ದಿನ ಯಾವುದೋ ಮಗು, "ಕಳೆದುಹೋದ ಕುರಿಗೆ ತಾನು ಕಳೆದುಹೋಗಿದೀನಿ ಅಂತ ಗೊತ್ತಿತ್ತಾ?" ಎಂದು ಕೇಳಿತು. ಟೀಚರ್ "ನಿಮಗೇನನ್ಸುತ್ತೆ?" ಎಂದು ಕೇಳಿ ತಾನೂ ಗಲ್ಲಕ್ಕೆ ಕೈಯಿಟ್ಟು ಕೂತುಬಿಟ್ಟಳು. ಹತ್ತು ನಿಮಿಷ ಎಲ್ಲರೂ ಕುರಿ ನೋಡುತ್ತಾ ಕೂತರು. ಬಾಗಿಲ ಹೊರಗೆ ಪೊರಕೆ ಹಿಡಿದು ಕಾಯುತ್ತಿದ್ದ ಅಜ್ಜಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅಡ್ಡಗೋಡೆಯ ಮೇಲೆ ದೀಪ ಇಡೋದನ್ನೇ ಪಾಠ ಅಂತಾರಲ್ಲ ಇವರು, ಗೊತ್ತಿತ್ತೋ ಇಲ್ಲವೋ, ಒಂದು ಹೇಳಿ ಮುಗಿಸಬಾರದೇ ಎಂದುಕೊಂಡಳು.

ಮೂವತ್ತೊಂದು ವರ್ಷದಿಂದ ಆ ಚರ್ಚಿನ ಬಾಗಿಲು ತೆಗೆದು, ಗುಡಿಸಿ, ಗಂಟೆ ಹೊಡೆದವಳು ಅವಳು. ಎಷ್ಟು ಕೂಸುಗಳ ತಲೆಗೆ ದೀಕ್ಷಾಸ್ನಾನದ ನೀರೆರೆದು ಹೆಸರಿಟ್ಟದ್ದನ್ನು ಕಂಡಿದ್ದಳೋ ಲೆಕ್ಕವಿಲ್ಲ. ಪ್ರತಿ ಸಲವೂ ಕಂಬದ ಪಕ್ಕ ಒಣಬಟ್ಟೆ ಹಿಡಿದು ನಿಂತಿರುತ್ತಿದ್ದಳು, ಕೆಳಗೆ ಸುರಿದದ್ದನ್ನು ಒರೆಸಲು. ಊರ ಮಕ್ಕಳಿಗೆಲ್ಲ ಆಯಿತು. ತನ್ನ ಮಗಳ ಮಗಳಿಗೆ ಮಾತ್ರ ಐದು ತುಂಬಿದರೂ ಆಗಿರಲಿಲ್ಲ.

ಅದಕ್ಕೆ ಕಾರಣ ಬೀಗಿತ್ತಿ. ಅಳಿಯನ ತಾಯಿ ಎರಡು ಬೀದಿ ಆಚೆಯ ಇನ್ನೊಂದು ಚರ್ಚಿನವಳು. ಮಗುವಿನ ದೀಕ್ಷಾಸ್ನಾನ ತಮ್ಮ ಫಾದರ್ ಕೈಯಲ್ಲೇ ಆಗಬೇಕು, ತನ್ನ ತಾಯಿಯ ಹೆಸರೇ ಇಡಬೇಕು ಎಂದು ಅವಳು. ನಮ್ಮ ಚರ್ಚಿನ ಅಯ್ಯನವರ ಕೈಯಲ್ಲೇ, ನನ್ನ ತಾಯಿಯ ಹೆಸರೇ ಎಂದು ಅಜ್ಜಿ. ಎತ್ತು ಏರಿಗೆ, ಕೋಣ ನೀರಿಗೆ. ಮಗಳೂ ಅಳಿಯನೂ ಪ್ರಿಂಟಿಂಗ್ ಪ್ರೆಸ್ಸಿನಿಂದ ದಣಿದು ಬಂದವರು, "ನೀವಿಬ್ಬರೂ ಒಪ್ಕೊಂಡು ಬಂದು ಹೇಳಿ, ನಾವು ಬಟ್ಟೆ ತೊಡಿಸಿ ಕರ್ಕೊಂಡು ಬರ್ತೀವಿ" ಎಂದು ಕೈ ತೊಳೆದುಕೊಂಡಿದ್ದರು. ಅಜ್ಜಿ ಒಂದು ಹೆಸರು ಕೂಗಿದರೆ ಬೀಗಿತ್ತಿ ಇನ್ನೊಂದು ಕೂಗುತ್ತಿದ್ದಳು. ಮಗು ಎರಡಕ್ಕೂ ತಿರುಗುತ್ತಿರಲಿಲ್ಲ. ಹುಟ್ಟಿದಾಗ ಅಂಗೈಯಷ್ಟೇ ಇದ್ದುದರಿಂದ ಬೀದಿಯವರು ಚಿಟಿಕೆ ಎನ್ನುತ್ತಿದ್ದರು. ಅದಕ್ಕೆ ಓಡಿ ಬರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಹಿಂದಿನ ಕೋಣೆಯಿಂದ ಸದ್ದೇ ಬರಲಿಲ್ಲ. ಮಕ್ಕಳ ಗಲಾಟೆಗೆ ಹೆದರಬೇಕಿಲ್ಲ, ಮೌನಕ್ಕೆ ಹೆದರಬೇಕು. ಅಜ್ಜಿ ಬಕೆಟ್ಟಿನಲ್ಲಿ ನೋಡಿದರೆ ಅವಳ ಕೆಂಪು ಮಗ್ಗೂ ಇಲ್ಲ. ಟೀಚರ್ ಹೊರಗೆ ನಲ್ಲಿಯ ಹತ್ತಿರ ಬಿದ್ದು ಬಂದ ಒಂದು ಮಗುವಿನ ಮಂಡಿ ತೊಳೆಯುತ್ತಿದ್ದಳು. ಇಷ್ಟು ಸಾಕಲ್ಲ ಎಂದು ಗೊಣಗುತ್ತಾ ಅಜ್ಜಿ ಬಾಗಿಲಿಗೆ ಬಂದಳು.

ಗೊಂಬೆಯನ್ನು ಮೂಲೆಗೆ ಒರಗಿಸಿದ್ದರು. ಚಾಪೆಯ ನಡುವೆ ಚಿಟಿಕೆ ಮಂಡಿಯೂರಿ ಕೂತಿದ್ದಳು. ಎದುರಿಗೆ ದರ್ಜಿಯ ಮಗಳು. ಅದಕ್ಕೆ ಏಳು ವರ್ಷ, ಬಾಯಿ ಮಾತ್ರ ಎಪ್ಪತ್ತರದು, ಎಲ್ಲರೂ ಹೆಡ್‌ಮೇಡಂ ಎನ್ನುತ್ತಿದ್ದರು. ಕೈಯಲ್ಲಿ ಕೆಂಪು ಮಗ್ಗು. ಸುತ್ತ ಏಳೆಂಟು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದವು.

"ಹೆಸರೇನು?" ಎಂದಳು ಹೆಡ್‌ಮೇಡಂ.

"ಚಿಟಿಕೆ."

ಅಜ್ಜಿ ಬಾಯಿ ತೆರೆದಳು. ನೀರು ಚೆಲ್ಲಬೇಡಿ ಎನ್ನಲಿಕ್ಕಲ್ಲ, ಹೆಸರು ತಿದ್ದಲಿಕ್ಕೆ. ಅಷ್ಟರಲ್ಲಿ ಮೊದಲ ನೀರು ಬಿತ್ತು, ತಂದೆಯ ಹೆಸರಿನಲ್ಲಿ. ಎರಡನೆಯದು, ಮಗನ ಹೆಸರಿನಲ್ಲಿ. ಒಂದಕ್ಷರ ತಪ್ಪಿಲ್ಲ. ಈಗ ಕೂಗಿದರೂ ನಿಲ್ಲುತ್ತದೆ ಎಂದು ಅಜ್ಜಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಮೂರನೆಯದೂ ಬೀಳಲಿ ಎಂದು ಕಾದಳು. ಪವಿತ್ರಾತ್ಮನ ಹೆಸರಿನಲ್ಲಿ ಮೂರನೆಯದೂ ಬಿತ್ತು. ಚಿಟಿಕೆಯ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಯಾವ ಮಗುವೂ ನಗಲಿಲ್ಲ. ಆಮೇಲೇ ಅಜ್ಜಿ ಒಳಗೆ ನುಗ್ಗಿ, "ಯಾರು ಮುಟ್ಟಿದ್ದು ನನ್ನ ಮಗ್ಗು" ಎಂದು ಗದರಿದ್ದು.

ಚಿಟಿಕೆ ಮನೆಗೆ ಹೋಗಿ ಕಂಡಕಂಡವರಿಗೆಲ್ಲ ಹೇಳಿದಳು. ಸೋಮವಾರ ಬೆಳಿಗ್ಗೆ ಬೀಗಿತ್ತಿ ಕೊಡೆ ಊರಿಕೊಂಡು ಚರ್ಚಿನ ಮೆಟ್ಟಿಲ ಮೇಲೆ ಹಾಜರು.

"ಮಕ್ಕಳಿಗೆ ಹೇಳಿಕೊಟ್ಟು ಕಳ್ಳದಾರೀಲಿ ಮಾಡಿಸ್ಕೊಂಡ್ರಲ್ಲ. ಮಾಡೋದು ಮಾಡಿದ್ರಿ, ಒಂದು ಮರ್ಯಾದೆಯ ಹೆಸರಾದ್ರೂ ಇಡಿಸಬಾರದಿತ್ತಾ? ಚಿಟಿಕೆಯಂತೆ. ಉಪ್ಪಾ ಅದು, ಅರಿಶಿನವಾ?"

"ನಾನ್ಯಾಕೆ ಹೇಳಿಕೊಡ್ಲಿ? ನಾನು ಗುಡಿಸ್ತಾ ಇದ್ದೆ" ಎಂದಳು ಅಜ್ಜಿ. ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ತನ್ನಷ್ಟಕ್ಕೆ ಹೆಗಲ ಮೇಲಿನ ಸೆರಗನ್ನು ಸರಿಮಾಡಿತು.

ಬುಧವಾರ ಅಯ್ಯನವರು ಎಲ್ಲರನ್ನೂ ಹಿಂದಿನ ಕೋಣೆಗೆ ಕರೆಸಿದರು. ಬೀಗಿತ್ತಿ, ಅಜ್ಜಿ, ಟೀಚರ್, ಹೆಡ್‌ಮೇಡಂ, ಚಿಟಿಕೆ. ಬೆಂಚಿಲ್ಲದ್ದರಿಂದ ಬೀಗಿತ್ತಿಯೂ ಚಾಪೆಯ ಮೇಲೆ, ಮರದ ಕುರಿಗಳ ನಡುವೆ ಕೂರಬೇಕಾಯಿತು. ಮಂಡಿನೋವಿನ ಹೆಂಗಸು, ಕೂರುವಾಗ ಎಲ್ಲರನ್ನೂ ಬೈದುಕೊಂಡಳು.

ಮಕ್ಕಳನ್ನು ಸ್ವಲ್ಪ ಹೊರಗೆ ಕಳಿಸಿ ಅಯ್ಯನವರು ಬೀಗಿತ್ತಿಗೆ ಹೇಳಿದರು: "ನಿಮ್ಮ ಫಾದರ್ ಹತ್ರ ಫೋನಲ್ಲಿ ಮಾತಾಡ್ದೆ. ಮೊದಲು ಹತ್ತು ನಿಮಿಷ ನಕ್ಕರು. ಆಮೇಲೆ ಅಂದ್ರು, ನೀರು ಹರಿದಿದೆ, ಮಾತು ಸರಿಯಿದೆ, ಎರೆಯೋರು ಫಾದರೇ ಆಗ್ಬೇಕಂತಿಲ್ಲ. ಎರೆದವಳ ಮನಸ್ಸಲ್ಲಿ ಏನಿತ್ತು ಅಂತ ಕೇಳಿ. ಬರೀ ಆಟ ಆಗಿದ್ರೆ ಏನೂ ಆಗಿಲ್ಲ. ಮನಸ್ಸಿಟ್ಟು ಮಾಡಿದ್ರೆ ಆಗಿದೆ, ಇನ್ನೊಂದ್ಸಲ ಮಾಡೋ ಹಾಗಿಲ್ಲ. ನಾನೂ ಅದನ್ನೇ ಒಪ್ತೀನಿ."

"ಬರೀ ಆಟವೇ" ಎಂದಳು ಬೀಗಿತ್ತಿ. ಕೊಡೆಯ ಹಿಡಿಯನ್ನು ತಿರುಗಿಸುತ್ತಾ, ಅಜ್ಜಿಯತ್ತ ನೋಡದೆ, ಗೋಡೆಗೆ ಹೇಳುವಂತೆ ಹೇಳಿದಳು. "ಆಟ ಅಂತಾದ್ರೆ ಬರೋ ಭಾನುವಾರ ಇದೇ ಚರ್ಚಲ್ಲಿ ಮಾಡಿಸ್ಲಿ. ನಾನು ಅಡ್ಡ ಬರಲ್ಲ. ಹೆಸರೂ ಅವರಿಷ್ಟದ್ದೇ ಇಟ್ಕೊಳ್ಲಿ. ಚಿಟಿಕೆ ಅಂತ ಮಾತ್ರ ಬೇಡ. ನನ್ನ ಮನೆತನದಲ್ಲಿ ಯಾರೂ ಡಬ್ಬಿಯೊಳಗಿನ ಸಾಮಾನಿನ ಹೆಸರಿಟ್ಕೊಂಡಿಲ್ಲ."

ಅಜ್ಜಿಗೆ ಕಿವಿ ನಂಬಲಾಗಲಿಲ್ಲ. ಐದು ವರ್ಷ ಬೇಡಿದ್ದು ಚಾಪೆಯ ಮೇಲೆ ತಾನಾಗಿ ಬಂದು ಬಿದ್ದಿತ್ತು. ತನ್ನ ಚರ್ಚು, ತನ್ನ ತಾಯಿಯ ಹೆಸರು. ಆ ಬಾಯಿಬಡುಕಿ ಹುಡುಗಿ ಆಟ ಎಂದು ಒಂದು ಮಾತು ಹೇಳಿದರೆ ಮುಗಿಯಿತು.

ಮಕ್ಕಳನ್ನು ಒಳಗೆ ಕರೆದರು. ಅಯ್ಯನವರು ಬಾಯಿ ತೆರೆಯುವ ಮೊದಲೇ ಅಜ್ಜಿ, "ಬಾರೇ ಬಂಗಾರಿ. ಭಾನುವಾರ ನೀವೆಲ್ಲ ಆಟ ಆಡಿದ್ದು ತಾನೇ?" ಎಂದಳು. ಆ ಹುಡುಗಿಯನ್ನು ಅವಳು ಬಂಗಾರಿ ಎಂದದ್ದು ಅದೇ ಮೊದಲು.

"ಹೌದು, ಆಟ" ಎಂದಳು ಹೆಡ್‌ಮೇಡಂ.

ಬೀಗಿತ್ತಿ ಉಸಿರು ಬಿಟ್ಟಳು.

"ಆದ್ರೆ ನಿಜವಾಗಿ ಆಡಿದ್ವಿ."

"ಅಂದ್ರೆ?" ಎಂದರು ಅಯ್ಯನವರು.

ದೊಡ್ಡವರಿಗೆ ಎಲ್ಲ ಬಿಡಿಸಿ ಹೇಳಬೇಕಲ್ಲ ಎಂಬಂತೆ ಹೆಡ್‌ಮೇಡಂ ನಿಟ್ಟುಸಿರು ಬಿಟ್ಟಳು. "ಗೊಂಬೆಗೆ ಹಾಕಿದಾಗ ಸುಮ್ನೆ ಆಡಿದ್ವಿ. ಗೊಂಬೆ ಕೇಳಿರ್ಲಿಲ್ಲ. ಚಿಟಿಕೆ ಕೇಳಿದ್ಲು. ಎಲ್ಲರಿಗೂ ಆಗಿದೆ, ನಂಗ್ಯಾರೂ ಮಾಡಿಲ್ಲ, ಅಜ್ಜಿಯರಿಗೆ ಜಗಳ ಇದೆ, ನೀನು ಮಾಡು ಅಂದ್ಲು. ಅದಕ್ಕೇ ಮಾಡ್ದೆ. ಬಟ್ಟಲಲ್ಲಿ ನೀರು ಸಾಲದು ಅಂತ ಮಗ್ಗು ತಗೊಂಡೆ. ತಪ್ಪಾಯ್ತು."

ಇಬ್ಬರು ಅಜ್ಜಿಯರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಏಳು ವರ್ಷದ ಮಗು" ಎಂದಳು ಬೀಗಿತ್ತಿ. "ಇವತ್ತು ನಿಜ ಅನ್ನುತ್ತೆ, ನಾಳೆ ನಾನು ರಾಣಿ ಅನ್ನುತ್ತೆ. ಇದರ ಮಾತು ಕಟ್ಕೊಂಡು ಏನಾಗ್ಬೇಕು?"

"ನಾನಲ್ಲಿರಲಿಲ್ಲ" ಎಂದಳು ಟೀಚರ್ ಮೆಲ್ಲಗೆ. "ಹೊರಗಿದ್ದೆ. ಅದು ನನ್ನ ತಪ್ಪು. ನಾನು ಬಟ್ಟಲು ಕೊಟ್ಟಿದ್ದು ಗೊಂಬೆಗೆ ಅಂತ."

"ದೊಡ್ಡವರು ಯಾರಾದ್ರೂ ನೋಡಿದ್ರೆ ಹೇಳಬಹುದಿತ್ತು" ಎಂದರು ಅಯ್ಯನವರು. "ಯಾರೂ ಇಲ್ಲದಿದ್ರೆ, ಅಮ್ಮ, ಭಾನುವಾರ ಹೊಸದಾಗೇ ಮಾಡಿಬಿಡೋಣ. ಏನಂತೀರಿ?"

ಅಜ್ಜಿ ಹೂಂ ಎಂದರೆ ಸಾಕಿತ್ತು. ಚಿಟಿಕೆ ಅವಳ ಸೆರಗು ಜಗ್ಗಿ, ಎಲ್ಲರಿಗೂ ಕೇಳುವಷ್ಟು ದೊಡ್ಡ ಪಿಸುಮಾತಿನಲ್ಲಿ, "ಅಜ್ಜಿ, ನಂಗಾಗಿದೆಯಲ್ಲ. ನೀನೇ ಬಾಗಿಲಲ್ಲಿದ್ದೆ" ಎಂದಳು.

ಮಕ್ಕಳನ್ನು ಸುಮ್ಮನೆ ಕೂತು ನೋಡಲು ಕಲಿಸಿದರೆ ಆಗುವ ಪಾಡು ಇದೇ ಎಂದು ಅಜ್ಜಿಗೆ ಟೀಚರಿನ ಮೇಲೆ ಸಿಟ್ಟು ಉಕ್ಕಿ ಬಂತು. ನೀರು ಕಣ್ಣಿಗಿಳಿಯುತ್ತಿದ್ದರೂ ಈ ಮಗು ತನ್ನನ್ನು ನೋಡಿಬಿಟ್ಟಿದೆ.

"ಇದ್ದೆ" ಎಂದಳು. "ಮೊದಲಿಂದ ಕೊನೇವರೆಗೂ ಇದ್ದೆ, ಅಯ್ಯನವರೇ."

"ನೋಡ್ತಾ ನಿಂತಿದ್ರಾ?" ಐದು ವರ್ಷದಲ್ಲಿ ಬೀಗಿತ್ತಿ ಅಜ್ಜಿಯ ಮುಖ ನೋಡಿ ಕೇಳಿದ ಮೊದಲ ಪ್ರಶ್ನೆ ಅದು. "ಬಾಯಿ ಬರಲಿಲ್ವಾ?"

"ಬಂತು. ಹೆಸರು ತಿದ್ದೋಕೆ ಬಂತು. ಆಮೇಲೆ, ಇನ್ನೇನು ಆಗ್ತಾ ಇದೆಯಲ್ಲ, ನಮ್ಮ ಚರ್ಚಲ್ಲೇ ಆಗ್ತಾ ಇದೆ, ಆಗೇಬಿಡ್ಲಿ ಅಂತ ಮುಚ್ಕೊಂಡೆ. ಅದು ನನ್ನ ಕಳ್ಳಬುದ್ಧಿ. ಆದರೆ ಅಯ್ಯನವರೇ, ಅದು ಆಟದ ಹಾಗಿರಲಿಲ್ಲ. ಮೂವತ್ತೊಂದು ವರ್ಷ ನಿಮ್ಮ ಕಂಬದ ಪಕ್ಕ ನಿಂತಿದೀನಿ. ಒಬ್ಬರು ಫೋಟೋ ತೆಗೀತಾರೆ, ಒಬ್ಬರು ಗಡಿಯಾರ ನೋಡ್ತಾರೆ, ನಾನು ನೆಲ ನೋಡ್ತೀನಿ. ಅವತ್ತು ಈ ಪಿಳ್ಳೆಗಳು ಕಣ್ಣು ಮಿಟುಕಿಸ್ಲಿಲ್ಲ. ಬರೀ ಆಟ ಅಂತ ನಾನು ಹೇಳಲಾರೆ."

ಹೇಳಿ ಮುಗಿಸಿದ ಕೂಡಲೇ ಅವಳಿಗೆ ಗೊತ್ತಾಯಿತು, ಬರೋ ಭಾನುವಾರ ಹೋಯಿತು, ತಾಯಿಯ ಹೆಸರೂ ಹೋಯಿತು. ಕೈಗೆ ಬಂದ ತುತ್ತು. ತನ್ನ ಬಾಯಿಯೇ ತಿನ್ನಬೇಕಾದ್ದನ್ನು ಉಗುಳಿತ್ತು.

ಅಯ್ಯನವರು ಎದ್ದುಹೋಗಿ ದಪ್ಪ ರಿಜಿಸ್ಟರು ತಂದು ಚಾಪೆಯ ಮೇಲೆ ಬಿಚ್ಚಿದರು. "ಆಗಿದೆ ಅಂತಲೇ ಬರೀತೀನಿ. ಇದರದೇ ಒಂದು ಪ್ರತಿ ಫಾದರ್‌ಗೂ ಕಳಿಸ್ತೀನಿ. ಮಾಡಿದ್ದು ಅವರೂ ಅಲ್ಲ, ನಾನೂ ಅಲ್ಲ. ಇದರಲ್ಲಿ ಗೆದ್ದೆ ಅಂತ ಯಾರೂ ಹೇಳ್ಕೊಳ್ಳೋ ಹಾಗಿಲ್ಲ."

"ಹೆಸರು?" ಎಂದಳು ಬೀಗಿತ್ತಿ, ಗೊತ್ತಿದ್ದೂ.

"ಕೇಳಿದಾಗ ಅವಳು ಏನಂದ್ಲೋ ಅದೇ."

ಬೀಗಿತ್ತಿ ಹಣೆ ಚಚ್ಚಿಕೊಂಡಳು. "ನೀವು ಆಗ ಒಂದ್ಸಲ ಕೂಗಿದ್ರೆ ಏನಾಗ್ತಿತ್ತು? ನಿಮ್ಮ ತಾಯಿ ಹೆಸರೇ ಕೂಗಬಹುದಿತ್ತು. ನಾನು ಸಹಿಸ್ಕೋತಿದ್ದೆ."

"ಈಗ ಹೇಳ್ತೀರಿ" ಎಂದಳು ಅಜ್ಜಿ. "ಐದು ವರ್ಷದ ಹಿಂದೆ ಹೇಳಿದ್ರೆ ಈ ಪುಣ್ಯಾತ್ಗಿತ್ತಿ ಮಗ್ಗು ಎತ್ತುತ್ತಾನೇ ಇರಲಿಲ್ಲ."

ಅಯ್ಯನವರು ನೀರೆರೆದವರಾಗಿ ತಾವು ಸಹಿ ಮಾಡುವ ಜಾಗದಲ್ಲಿ ಬೆರಳಿಟ್ಟು ಪೆನ್ನನ್ನು ಹೆಡ್‌ಮೇಡಂ ಕೈಗೆ ಕೊಟ್ಟರು. ಅವಳು ಅಂಗಾತ ಮಲಗಿದ ಕುರಿಯೊಂದನ್ನು ಪಕ್ಕಕ್ಕೆ ಸರಿಸಿ, ಬೋರಲು ಬಿದ್ದುಕೊಂಡು, ನಾಲಿಗೆ ಕಚ್ಚಿ ತನ್ನ ಹೆಸರು ಬರೆಯತೊಡಗಿದಳು. ಮೊದಲ ಅಕ್ಷರವೇ ಎರಡು ಸಾಲು ನುಂಗಿತು.

"ಸಣ್ಣಗೆ ಬರಿಯೇ" ಎಂದಳು ಅಜ್ಜಿ.

"ಸಾಲು ಬಿಟ್ಟು ಹೋಗಬೇಡ ಕಣೇ" ಎಂದಳು ಬೀಗಿತ್ತಿ.

ಅವಳು ಇಬ್ಬರ ಮಾತೂ ಕೇಳಲಿಲ್ಲ. ಚಿಟಿಕೆ ಅವಳ ಪಕ್ಕದಲ್ಲೇ ಬೋರಲು ಬಿದ್ದು, ಒಂದೊಂದು ಅಕ್ಷರ ಮುಗಿದಂತೆ ಶಾಯಿ ಆರಲೆಂದು ಬಾಯಿಂದ ಗಾಳಿ ಊದುತ್ತಿದ್ದಳು.