ಮೂವರು ರಾಜರ ಅವಸರ

ಕಟಿಂಗ್ ಶಾಪಿನವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಬೀದಿಗೆಲ್ಲ ಗೊತ್ತು. ಹಾಗಿದ್ದೂ ಹೆಂಡತಿ ತಾನು ಹೊಸದಾಗಿ ಕಟ್ಟಿಸಿಕೊಂಡ ಹಲ್ಲು ಸೆಟ್ಟನ್ನು ಅವನಿಗೆ ತೋರಿಸಿದಳು. ಪಾಪ, ಗಂಡನಲ್ಲವೇ. ಅವನು ಒಂದು ಗಡ್ಡ ಹೆರೆಯುವಷ್ಟರಲ್ಲಿ ಸುದ್ದಿಗೆ ಉಪ್ಪುಖಾರ ಹಚ್ಚಿ ಊರಿಗೇ ಬಡಿಸಿಬಿಟ್ಟ. ಕ್ರಿಸ್‌ಮಸ್ ಪೂಜೆಯಲ್ಲಿ ಅವಳು ಪರಮಪ್ರಸಾದಕ್ಕೆ ಬಾಯಿ ತೆರೆದಾಗ ಅಕ್ಕಪಕ್ಕದವರೆಲ್ಲ ಬಗ್ಗಿ ನೋಡಿದರು. ಫಾದರ್ ಕೂಡ ಒಂದು ಕ್ಷಣ ಜಾಸ್ತಿಯೇ ನೋಡಿದರೆಂದು ಅವಳ ದೂರು.

ಮರುದಿನ ಸಂತ ಸ್ತೆಫನರ ಹಬ್ಬ. ಬೆಳಿಗ್ಗೆಯೇ ತೀರ್ಪು ಬಂತು.

"ರಾಜರು ಗೋದಲಿ ಮುಟ್ಟೋವರೆಗೂ ನಿಮ್ಮ ಹತ್ರ ನಂಗೆ ಮಾತಿಲ್ಲ."

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ನಡುಮನೆಯ ಮೂಲೆಯಲ್ಲಿ. ಕೂಸನ್ನು ನೋಡಲು ದೂರದಿಂದ ಬಂದ ಮೂವರು ರಾಜರ ಮಣ್ಣಿನ ಗೊಂಬೆಗಳು ಬಾಗಿಲ ಬಳಿಯಿಂದ ಹೊರಟು, ದಿನಕ್ಕೊಂದು ಟೈಲ್ಸ್ ದಾಟಿ, ಜನವರಿ ಆರರ ರಾಜರ ಹಬ್ಬಕ್ಕೆ ಸರಿಯಾಗಿ ಬಾಲಯೇಸುವಿನ ಮುಂದೆ ನಿಲ್ಲಬೇಕು. ಹನ್ನೆರಡು ಟೈಲ್ಸ್, ಹನ್ನೆರಡು ದಿನ. ಬೆಳಿಗ್ಗೆ ಅವನ್ನು ಸರಿಸುವ ಹಕ್ಕು ಅವಳದು, ಅತ್ತೆ ಸಾಯುವಾಗ ಕೊಟ್ಟು ಹೋದದ್ದು.

ಹನ್ನೆರಡು ದಿನವೆಂದರೆ ಅವನಿಗೆ ಜೈಲೇ. ತಟ್ಟೆ ಟಣ್ಣೆಂದು ಮುಂದೆ ಬಂದು ಕೂರುತ್ತಿತ್ತು, ಮಾತಿಲ್ಲ. ಬೇಕೆಂದೇ ಷರಟನ್ನು ಒಳಗು ಹೊರಗು ಮಾಡಿ ಹಾಕಿಕೊಂಡು ಅವಳೆದುರು ಓಡಾಡಿದ, ಬೈಗುಳವೂ ಸಿಗಲಿಲ್ಲ. ಮೂವತ್ತು ವರ್ಷದಿಂದ ಆ ಬೈಗುಳ ಕೇಳಿಯೇ ಅವನಿಗೆ ಬೆಳಗಾಗುತ್ತಿತ್ತು. ಅದಿಲ್ಲದೆ ಜೀವವೇ ಸಪ್ಪೆಯಾಯಿತು.

ಎರಡನೆಯ ದಿನವೇ, ಸಂತ ಯೊವಾನ್ನರ ಹಬ್ಬದ ಮಧ್ಯಾಹ್ನ, ಅವಳು ಅಡ್ಡಾಗಿದ್ದಾಗ ಬೆಕ್ಕಿನ ಹೆಜ್ಜೆಯಿಟ್ಟು ಬಂದ. ರಾಜರನ್ನು ಒಂದು ಟೈಲ್ಸ್ ಮುಂದಕ್ಕೆ ತಳ್ಳಿದ. ಅವಳಿಗೆ ಗೊತ್ತಾದರೂ ಕೇಳುವಂತಿಲ್ಲವಲ್ಲ, ಮಾತು ಬಿಟ್ಟವಳು. ಅಲ್ಲಿಂದ ದಿನಾ ಅದೇ ಕಳ್ಳಾಟ. ಆದರೆ ರಾಜರು ಅವನ ಲೆಕ್ಕವನ್ನೂ ಮೀರಿ ಓಡುತ್ತಿದ್ದರು. ಗಾಬರಿಯಲ್ಲಿ ತಾನೇ ಎರಡೆರಡು ಟೈಲ್ಸ್ ತಳ್ಳಿರಬೇಕು ಅಂದುಕೊಂಡ.

ವರ್ಷದ ಕೊನೆಯ ದಿನ, ಸಂತ ಸಿಲ್ವೆಸ್ಟರರ ಹಬ್ಬ. ಮಧ್ಯಾಹ್ನ ಬೇಗ ಅಂಗಡಿ ಮುಚ್ಚಿ ಬಂದು ನೋಡುತ್ತಾನೆ, ಹೆಂಡತಿ ನೆಲದ ಮೇಲೆ ಮಂಡಿಯೂರಿದ್ದಾಳೆ. ಇಬ್ಬರು ರಾಜರು ಆಗಲೇ ಗೋದಲಿಯೊಳಗೆ. ಮೂರನೆಯವನು ಅವಳ ಕೈಯಲ್ಲಿದ್ದ.

ಅವನ ಕಣ್ಣು ತುಂಬಿ ಬಂತು.

"ಇವತ್ತಿನದು ಬೆಳಿಗ್ಗೆನೇ ಆಯ್ತಲ್ವೇನೇ?" ಎಂದ.

"ನೀವು ತಳ್ತಾ ಇದ್ರಿ, ನಾನೂ ತಳ್ಳಿದೆ." ಅವಳು ಗೊಂಬೆ ಇಟ್ಟಳು. "ಮನೆ ಬಿಕೋ ಅಂತಿತ್ತು ಕಣ್ರೀ. ಕೈ ಕೊಡಿ, ಮಂಡಿ ಹಿಡ್ಕೊಂಡಿದೆ."

ಅವನು ಕೈಹಿಡಿದು ಎಬ್ಬಿಸಿದ. "ಇದನ್ನ ಅಂಗಡೀಲಿ ಯಾರ ಹತ್ರಾನೂ ಬಾಯಿ ಬಿಡಲ್ಲ, ದೇವರಾಣೆ," ಎಂದ. ಆ ಮಾತು ಉಳಿಸಿಕೊಂಡ ಕೂಡ.

ಮರುದಿನ ಹೊಸ ವರ್ಷದ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಹತ್ತಾರು ಹೆಂಗಸರ ನಡುವೆ ಅವಳೇ ಎಲ್ಲವನ್ನೂ ಹೇಳಿದಳು. ಗಂಡನ ಬೆಕ್ಕಿನ ಹೆಜ್ಜೆಯನ್ನು ತುದಿಗಾಲಲ್ಲಿ ನಡೆದೂ ತೋರಿಸಿದಳು. ಎಲ್ಲರೂ ಇವನತ್ತ ತಿರುಗಿ ನಕ್ಕರು. ಅವನು ಕಂಬದ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಆದರೂ ಅವಳ ಒಂದು ಮಾತೂ ತಪ್ಪಿಹೋಗಬಾರದೆಂದು ಎರಡು ಹೆಜ್ಜೆ ಹತ್ತಿರ ಸರಿದ.