ಮಡಚದ ಮಂಡಿ

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೈ ಬಿಸಿ ಆರುವ ಮೊದಲೇ ಮೀಯಿಸಿ, ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸುತ್ತೇವೆ. ಎಡಗೈಯಲ್ಲಿ ಅವರವರ ಇಷ್ಟಲಿಂಗ ಇಟ್ಟು ಮಣ್ಣಿಗೂ ಹಾಗೆಯೇ ಇಳಿಸುತ್ತೇವೆ. ಇದು ಭೀಮನಬೀಡಿನ ನಮ್ಮ ಬೀದಿಯ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಗುರುಪಾದಸ್ವಾಮಿಯವರು ತೀರಿಕೊಂಡ ದಿನ ಅಷ್ಟು ದೊಡ್ಡ ಮನೆಯಲ್ಲಿ ಅಷ್ಟು ಜನ ಸೇರಿದ್ದೆವಲ್ಲ, ಒಬ್ಬರಿಗೂ ಅದು ಹೊಳೆಯಲಿಲ್ಲ. ಪಕ್ಕದ ಮನೆಯವಳಾದ ನನಗೂ ಹೊಳೆಯಲಿಲ್ಲ. ಅದನ್ನು ನೆನೆದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಅವರು ಬೆಳಿಗ್ಗೆ ಬಾಳೆ ತೋಟಕ್ಕೆ ನೀರು ಬಿಡಲು ಹೋದವರು ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ಮಗ ಬಸವಪ್ರಸಾದ ಗುಂಡ್ಲುಪೇಟೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ, ಹಾಗೆಯೇ ವಾಪಸು ತಂದ. ಹೆಂಡತಿ ಶಾಂತಮಲ್ಲಮ್ಮ, ನಮಗೆಲ್ಲ ಶಾಂತಕ್ಕ, ಆವತ್ತು ಬಾಯಿಬಿಟ್ಟು ಅಳಲಿಲ್ಲ. ಒಂದೇ ಮಾತು ಹೇಳಿದಳು.

“ಸುಧಾ ಬರೋಗಂಟ ಎತ್ತಬ್ಯಾಡಿ.”

ಸುಧಾಮಣಿ ಮಗಳು. ಕೋಳಿಕೋಡಿನ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಬಿಟ್ಟುಕೊಡಲು ಯಾರೂ ಸಿಗದೆ ಅವಳು ಹೊರಟಿದ್ದೇ ಸಂಜೆ. ನಡುವೆ ಸಿಗುವ ಕಾಡಿನ ಗೇಟು ರಾತ್ರಿ ಒಂಬತ್ತಕ್ಕೆ ಬೀಳುತ್ತದೆ, ಬೆಳಿಗ್ಗೆ ಆರಕ್ಕೇ ಏಳುವುದು. ಅಪ್ಪ ಸತ್ತಿದ್ದಾರೆ ಎಂದು ಅಳುತ್ತಾ ಕೇಳಿಕೊಂಡರೂ ಗೇಟಿನವರು ಬಿಡಲಿಲ್ಲವಂತೆ. ಆನೆ ಹುಲಿಗಳಿಗಾಗಿ ಮಾಡಿದ ಕಾನೂನು, ಅವರು ತಾನೇ ಏನು ಮಾಡಿಯಾರು. ಮಗಳು ಗೇಟಿನ ಆಚೆ ಕಾರಿನಲ್ಲೇ ಬೆಳಕು ಹರಿಸಿದಳು.

ಹೆಣ ಅಲ್ಲಿಯವರೆಗೆ ಇರಬೇಕಲ್ಲ. ಚಾಮರಾಜನಗರದಿಂದ ಬಂದಿದ್ದ ಶಾಂತಕ್ಕನ ಭಾವನ ಮಗ ಸೋಮೇಶ ಫೋನು ಮಾಡಿ ಗುಂಡ್ಲುಪೇಟೆಯಿಂದ ಫ್ರೀಜರ್ ಬಾಕ್ಸು ತರಿಸಿದ. ಅದರ ಯಜಮಾನ ಮುನೀರ್ ಪಾಷ ಟೆಂಪೋದಲ್ಲಿ ತಂದು, ವೈರು ಸಿಕ್ಕಿಸಿ, ಬೆಳಿಗ್ಗೆ ಬರುತ್ತೇನೆ ಎಂದು ಹೋದ. ಉದ್ದನೆಯ ಪೆಟ್ಟಿಗೆ, ಮೇಲೆ ಗಾಜು. ಉದ್ದನೆಯ ಪೆಟ್ಟಿಗೆಯಲ್ಲಿ ಮನುಷ್ಯನನ್ನು ಇನ್ನು ಹೇಗೆ ಇಡುತ್ತಾರೆ? ಕಾಲು ನೀಡಿ ಮಲಗಿಸಿದೆವು. ನೋಡಲು ಬಂದವರೆಲ್ಲ ನಿದ್ದೆ ಮಾಡಿದ ಹಾಗೇ ಇದ್ದಾರೆ ಎಂದು ಹೇಳಿ ಹೋದರು. ಇದೂ ಒಳ್ಳೆಯದೇ ಆಯಿತು ಎಂದು ನಾನೂ ಅಂದೆ.

ಬೆಳಿಗ್ಗೆ ಸುಧಾ ಬಂದಳು, ಗಾಜಿನ ಮೇಲೆ ಬಿದ್ದು ಅತ್ತಳು. ಮೀಯಿಸಲು ಎತ್ತಿದಾಗ ಗೊತ್ತಾಯಿತು. ಹಲಗೆ ಎತ್ತಿದ ಹಾಗೆ ಮೈ ಒಂದೇ ಸಮ ಮೇಲೆದ್ದಿತು. ಬಸವಪ್ರಸಾದ ಮಂಡಿ ಹಿಡಿದು ಮಡಚಲು ನೋಡಿದ, ಸೋಮೇಶ ನೋಡಿದ. ಕೊನೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಆ ಮಂಡಿಯ ಕತೆ ಇಡೀ ಬೀದಿಗೆ ಗೊತ್ತಿತ್ತು. ಗುರುಪಾದಸ್ವಾಮಿಯವರಿಗೆ ವರ್ಷಾನುಗಟ್ಟಲೆಯಿಂದ ಮಂಡಿನೋವು, ಅದರಲ್ಲೂ ಬಲಗಡೆಯದು. ಕೆಳಗೆ ಕೂತು ಪೂಜೆ ಮಾಡಲಾಗದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅಂಗೈಯಲ್ಲಿ ಲಿಂಗ ಹಿಡಿಯುತ್ತಿದ್ದರು. ಅದು ಅವರಿಗೆ ನಾಚಿಕೆ. ಪೂಜೆಯ ಹೊತ್ತಿಗೆ ಯಾರಾದರೂ ಹೋದರೆ ಕುರ್ಚಿಯನ್ನು ಶಪಿಸುತ್ತಿದ್ದರು. ಶಾಂತಕ್ಕ ಪ್ರತಿ ಸಂಜೆ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಆ ಮಂಡಿಗಳನ್ನು ತಿಕ್ಕುತ್ತಿದ್ದಳು. ತಿಕ್ಕಿಸಿಕೊಳ್ಳುತ್ತಾ ಅವರು ಹೇಳುತ್ತಿದ್ದ ಮಾತು ನಮ್ಮ ಜಗಲಿಗೂ ಕೇಳಿಸುತ್ತಿತ್ತು.

“ಸತ್ಮ್ಯಾಕೆ ನೋವಿರಾಕಿಲ್ಲ ಕಣೆ. ಆಗ ನನ್ನ ನೆಟ್ಗೆ ಕೂರ್ಸ್ಬುಡು, ಸಾಕು.”

ಬೇರೆ ಏನನ್ನೂ ಅವರು ಅವಳಿಂದ ಕೇಳಿದ್ದು ನನಗೆ ನೆನಪಿಲ್ಲ.

ಹಂಡೆಯಲ್ಲಿ ನೀರು ಕಾಯಿಸಿ, ಬಟ್ಟೆ ಅದ್ದಿ ಅದ್ದಿ ಮಂಡಿಗಳಿಗೆ ಸುತ್ತಿದೆವು. ಶಾಂತಕ್ಕ ಎಣ್ಣೆಯ ಬಟ್ಟಲು ತಂದು ದಿನದ ಹಾಗೆಯೇ ತಿಕ್ಕಲು ಕೂತಳು. ಮಧ್ಯಾಹ್ನದ ಹೊತ್ತಿಗೆ ಸೊಂಟ ಸಡಿಲವಾಯಿತು, ಎಡಗಾಲು ಮಡಚಿತು. ಬಲಗಾಲು ಮಾತ್ರ ನೀಡಿದ್ದು ನೀಡಿದ ಹಾಗೇ ಇತ್ತು. ಆಗಲೇ ವಾಸನೆ ಶುರುವಾಗಿತ್ತು. ಗುಂಡಿ ತೆಗೆದು ಮುಗಿದು, ತೋಟದಿಂದ ಎರಡು ಸಲ ಹೇಳಿಕಳಿಸಿದ್ದರು. ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಉಮ್ಮತ್ತೂರಿನ ಕಡೆಯ ನೆಂಟರೊಬ್ಬರು, ಹಿರಿಯರು, ಇಂಥದ್ದು ಬೇರೆ ಕಡೆಯೂ ಆಗಿದೆ, ಮುರಿದು ಕೂರಿಸಿದ್ದಾರೆ ಎಂದರು.

ಸುಧಾ ಎದ್ದು ನಿಂತು, ಬೇಡ, ಮಲಗಿಸಿಯೇ ಮಣ್ಣು ಮಾಡಿ ಎಂದಳು. ಸತ್ತ ಮೇಲೆ ನೋವಾಗುವುದಿಲ್ಲ, ಅದು ತನಗೆ ಗೊತ್ತು, ಆದರೂ ಬೇಡ ಎಂದಳು. ಮಲಗಿಸಿದರೆ ಇಷ್ಟು ವರ್ಷ ಲಿಂಗ ಕಟ್ಟಿದ್ದಕ್ಕೆ ಅರ್ಥವೇನು ಎಂದು ಬಸವಪ್ರಸಾದ ಅವಳ ಮೇಲೆ ರೇಗಿದ.

ಬಾಕ್ಸು ತೆಗೆದುಕೊಂಡು ಹೋಗಲು ಬಂದಿದ್ದ ಮುನೀರ್ ಪಾಷ ಬೆಳಗಿನಿಂದ ಅಂಗಳದಲ್ಲೇ ನಿಂತಿದ್ದ. ಕೈಗೊಂದು ಕೈ ಬೇಕು, ಸೊಂಟ ಅದುಮಿ ಹಿಡಿಯಬೇಕು ಎಂದು ಬಸವಪ್ರಸಾದ ಅವನನ್ನು ಕರೆದ. ಅವನು ಹಿಂದೆ ಸರಿದ.

“ತಪ್ಪು ತಿಳ್ಕೋಬೇಡಿ ಬಸಣ್ಣ. ನಮ್ಮಲ್ಲಿ ಸತ್ತೋರ ಮೂಳೆ ಮುರಿಯೋದೂ ಒಂದೇ, ಬದುಕಿರೋರ ಮೂಳೆ ಮುರಿಯೋದೂ ಒಂದೇ. ನನ್ ಕೈಲಾಗಲ್ಲ.”

ಅವನು ಮೆಲ್ಲಗೇ ಹೇಳಿದ್ದ. ಆದರೂ ಒಳಗಿದ್ದ ಶಾಂತಕ್ಕನಿಗೆ ಕೇಳಿಸಿತು. ತಿಕ್ಕುತ್ತಿದ್ದ ಕೈ ನಿಂತಿತು. ಬಾಗಿಲಾಚೆ ಬಿಸಿನೀರು ಹಿಡಿದು ನಿಂತಿದ್ದ ಮಲ್ಲಿಗಮ್ಮನ ಕಡೆ ತಿರುಗಿದಳು. ಮಲ್ಲಿಗಮ್ಮ ಆ ಮನೆಯ ತೋಟದಲ್ಲೇ ಕೂಲಿ ಮಾಡಿ ಮುದುಕಿಯಾದವಳು, ಹೋದ ವರ್ಷ ಗಂಡ ಚಿಕ್ಕಮಾದಯ್ಯನನ್ನು ಕಳೆದುಕೊಂಡವಳು. ನಿಮ್ಮಲ್ಲಿ ಏನನ್ನುತ್ತಾರೆ ಎಂದು ಶಾಂತಕ್ಕ ಅವಳನ್ನು ಕೇಳಿದಳು. ಇಷ್ಟು ವರ್ಷದಲ್ಲಿ ಅವಳನ್ನು ಆ ಮನೆಯಲ್ಲಿ ಯಾರೂ ಇಂಥದ್ದನ್ನು ಕೇಳಿರಲಿಲ್ಲ. ಅವಳು ಹೊಸ್ತಿಲು ದಾಟಿದವಳೂ ಅಲ್ಲ.

“ಅನ್ನೊಂದ್ ದಿನಗಂಟ ಜೀವ ಮನೆ ಬುಟ್ಟು ಓಗಕಿಲ್ಲ ಅವ್ವಾರೆ,” ಎಂದಳು ಮಲ್ಲಿಗಮ್ಮ. “ತೊಲೆ ಮ್ಯಾಲೆ ಕೂತ್ಕಂಡು ಎಲ್ಲಾನೂ ನೋಡ್ತಾ ಇರ್ತದೆ.”

ಶಾಂತಕ್ಕ ತಲೆಯೆತ್ತಿ ತೊಲೆಯನ್ನು ನೋಡಿದಳು. ನಾವೂ ನೋಡಿದೆವು. ಅಡುಗೆ ಹೊಗೆಗೆ ಕಪ್ಪಾದ ಹಳೆಯ ಮರ, ಅದಕ್ಕೊಂದು ಕೊಕ್ಕೆ, ಮತ್ತೇನೂ ಇರಲಿಲ್ಲ.

ಮಠದ ಅಯ್ಯನವರು ಪಡಸಾಲೆಯಲ್ಲಿ ಕೂತಿದ್ದರು. ಅವರು ಕೆಟ್ಟವರಲ್ಲ. ಒಳಗೆ ಬಂದು ಶಾಂತಕ್ಕನ ಎದುರು ಕೂತು ಸಮಾಧಾನವಾಗಿಯೇ ಹೇಳಿದರು.

“ಅವರು ಲಿಂಗದಲ್ಲಿ ಬೆರೆತಾಯ್ತು ಕಣಮ್ಮ. ಎಲ್ಲೂ ಅಲೆಯೋದಿಲ್ಲ, ಮತ್ತೆ ಹುಟ್ಟೋದೂ ಇಲ್ಲ. ಇದು ಬರೀ ಮಣ್ಣು. ಮಣ್ಣಿಗೆ ನೋವೆಲ್ಲಿ?”

“ಅವ್ರು ಇಲ್ಲೇ ಇಲ್ದಿದ್ಮ್ಯಾಲೆ ಕೂರೋರು ಯಾರು ಬುದ್ದಿ?” ಎಂದಳು ಶಾಂತಕ್ಕ.

ವಾದ ಮಾಡಲು ಕೇಳಿದ್ದಲ್ಲ ಅದು. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಅಯ್ಯನವರು ಲಿಂಗ ಧರಿಸಿದ ದೇಹದ ಬಗ್ಗೆ, ಹಿರಿಯರು ನಡೆದ ದಾರಿಯ ಬಗ್ಗೆ ಏನೇನೋ ಹೇಳಿದರು. ಒಂದೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ, ಅವಳ ತಲೆಯಲ್ಲೂ ನಿಂತಿರಲಾರದು. ಅವಳು ಗಂಡನ ಬಲಮಂಡಿಯ ಮೇಲೆ ಅಂಗೈ ಇಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದಳು. ಮೂರು ಜನ ಮೂರು ಹೇಳಿದ್ದರು, ಮಗಳು ನಾಲ್ಕನೆಯದು ಹೇಳಿದ್ದಳು. ಕೇಳಬೇಕಾದ ಮನುಷ್ಯ ಒಬ್ಬನೇ, ಅವನು ಮಾತಾಡುವ ಹಾಗಿರಲಿಲ್ಲ.

ಕೊನೆಗೆ ಅವಳು ಮಗನನ್ನು ಕರೆದಳು. ಅವರು ಕೇಳಿದ್ದು ಅದೊಂದೇ, ಕೂರಿಸಿಬಿಡು ಎಂದಳು.

ಹೆಂಗಸರೆಲ್ಲ ಹೊರಗೆ ಹೋಗಿ ಎಂದು ಗಂಡಸರು ಹೇಳಿದರು. ಸುಧಾ ಹಿತ್ತಲಿಗೆ ಓಡಿದಳು. ಶಾಂತಕ್ಕ ಏಳಲಿಲ್ಲ, ಅವಳನ್ನು ಬಿಟ್ಟು ನಾನೂ ಏಳಲಿಲ್ಲ. ಸೋಮೇಶ ಸೊಂಟ ಹಿಡಿದ. ಬಸವಪ್ರಸಾದ ಅಪ್ಪನ ಕಾಲಿನ ಮೇಲೆ ತನ್ನ ಮಂಡಿಯೂರಿದ. ಶಾಂತಕ್ಕ ಎರಡೂ ಕೈಯಲ್ಲಿ ಗಂಡನ ತಲೆ ಹಿಡಿದುಕೊಂಡಳು. ಆದರೆ ಅವಳು ನೋಡಿದ್ದು ಆ ಮುಖವನ್ನಲ್ಲ. ಕತ್ತೆತ್ತಿ ತೊಲೆಯ ಕಡೆ ನೋಡಿದಳು.

“ಒಂದ್ ಗಳಿಗೆ ಅತ್ಲಾಗ್ ತಿರಿಕಳಿ,” ಎಂದಳು.

ಸದ್ದು ದೊಡ್ಡದೇನೂ ಆಗಲಿಲ್ಲ. ಸೌದೆ ಸೀಳುವಾಗ ಆಗುವಷ್ಟೇ. ಬಸವಪ್ರಸಾದ ಎದ್ದು ಹೋಗಿ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ.

ಆಮೇಲೆ ಎಲ್ಲ ಸರಿಯಾಗಿಯೇ ನಡೆಯಿತು. ಬಿದಿರಿನ ಮಂಟಪದಲ್ಲಿ ಗುರುಪಾದಸ್ವಾಮಿಯವರು ನೆಟ್ಟಗೆ ಕೂತು ತೋಟಕ್ಕೆ ಹೋದರು. ಅಯ್ಯನವರು ಕ್ರಮದ ಹಾಗೆ ತಲೆಯ ಮೇಲೆ ಪಾದವಿಟ್ಟರು. ಅಂಗೈಗೆ ಲಿಂಗ ಬಂತು, ಬಿಲ್ವಪತ್ರೆ ಬಿತ್ತು, ವಿಭೂತಿ ಬಿತ್ತು, ಮಣ್ಣು ಬಿತ್ತು. ಎಷ್ಟು ಲಕ್ಷಣವಾಗಿ ಕೂತಿದ್ದರು ಎಂದು ಬಂದವರು ಹೊಗಳಿದರು. ಮಲ್ಲಿಗಮ್ಮ ದೂರದ ಬದುವಿನ ಮೇಲೆ ನಿಂತು ಅಳುತ್ತಿದ್ದಳು. ಮುನೀರ್ ಪಾಷ ಬಾಕ್ಸು ಏರಿಸಿಕೊಂಡು ಬಾಡಿಗೆ ಕೇಳದೆ ಹೋಗಿದ್ದ.

ಆ ಸಂಜೆ ನಾನು ಅನ್ನ ಮಾಡಿಕೊಂಡು ಹೋದಾಗ ಶಾಂತಕ್ಕ ಒಲೆಯ ಮೇಲೆ ಎಣ್ಣೆ ಕಾಯಲು ಇಟ್ಟಿದ್ದಳು. ಕರ್ಪೂರದ ವಾಸನೆ ಪಡಸಾಲೆಯವರೆಗೂ ಬಂದಿತ್ತು. ಸುಧಾ ಗ್ಯಾಸು ಆರಿಸಿದಳು. ಶಾಂತಕ್ಕ ಬಟ್ಟಲನ್ನು ಕೆಳಗಿಟ್ಟು, ಆರಲಿ ಬಿಡು ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ರಜೆ ಮುಗಿದು ಸುಧಾ ಹೊರಟ ದಿನ ಮಧ್ಯಾಹ್ನವೇ ಕಾರು ಬಂತು. ಗೇಟು ಬೀಳುವುದರೊಳಗೆ ಕಾಡು ದಾಟಬೇಕಲ್ಲ. ಬ್ಯಾಗು ಒಳಗಿಟ್ಟು ಅವಳು ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು. ಶಾಂತಕ್ಕ ಮಗಳ ತಲೆ ಸವರಿದಳು. ಸವರುತ್ತಲೇ, ಪಕ್ಕದಲ್ಲಿ ನಿಂತಿದ್ದ ಮಗನಿಗೆ ಹೇಳಿದಳು.

“ಬಸವ, ನಂಗೆ ಪೆಟ್ಗೆ ತರುಸ್ಬ್ಯಾಡ. ಮೈ ಬೆಚ್ಗಿರೋವಾಗ್ಲೇ ಕೂರ್ಸ್ಬುಡು. ಯಾರ್ಗೂ ಕಾಯ್ಬ್ಯಾಡ.”

ಬಗ್ಗಿದ್ದ ಸುಧಾ ಅವ್ವನ ಪಾದಗಳನ್ನು ಹಿಡಿದುಕೊಂಡಳು. ಆಮೇಲೆ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು.

“ಆಯ್ತು ಕಣವ್ವ,” ಎಂದಳು, ಅಣ್ಣನಿಗಿಂತ ಮೊದಲು.